ಕಲ್ಲಿನ ಚಕ್ಕಿ ಹೊಡೆದ ಮನಿತನ

ದ್ರೌಪದಿ ಸುದ್ದಿ ನನ್ನ ಕಿವಿಗೆ ಮೊದಲ ಬಿದ್ದದ್ದು ರಾವೂರ ಓಣಿಯೊಳಗ. ಎಂಬತ್ತನೇ ಇಸವಿ, ಶ್ರಾವಣ. ಪಂಚಮಿ ಹತ್ತಿರ ಬಂತಂದರ ನನ್ನಂಥ ಬಳಿಗಾರ್ತಿಗೆ ನೀರು ಕುಡೀಲಾಕೂ ಪುರಸತ್ತಿರತಿದ್ದಿಲ್ಲ. ಬಳಿ ಮಲಾರ ಹೆಗಲಿಗೆ ಹಾಕಿಕೊಂಡು ವಾಡಿಯಿಂದ ನಡಕೋತ ಬಂದಿದ್ದೆ. ಅಂಬಾರಾಯನ ಮನಿ ಕಡೆ ಹೊಳ್ಳಬೇಕು ಅನ್ನೂದ್ರಾಗ ಬಾಜೂ ಮನಿ ಹೆಂಗಸು ನನ್ನ ಸೆರಗು ಹಿಡದು ಜಗ್ಗಿದಳು.

"ಆ ಮನಿಗಿ ಹೋಗಬ್ಯಾಡ ಮಾಶಾಬಿ. ಅಲ್ಲಿ ಗ್ರಹಣದ ಕೂಸು ಹುಟ್ಯಾದ."

"ಗ್ರಹಣದ ಕೂಸಂದ್ರ ಏನವಾ?"

"ಕಣ್ಣಾಗ ಬಣ್ಣಾನೇ ಇಲ್ಲ, ಬರೇ ಕತ್ತಲಿ. ಸನ್ನತಿಯಿಂದ ತಂದ ಸೊಸಿ ದ್ರೌಪದಿ ಅಂತ ಇದ್ದಾಳ ನೋಡು, ಹೊಟ್ಟಿಲೆ ಇದ್ದಾಗ ಗ್ರಹಣ ನೋಡ್ಯಾಳಂತ. ಎಂಥಾ ಎದಿಗಾರ್ತಿ!"

ನಾನು ಮೂರನೇ ಇಯತ್ತೆ ತನಕ ಸಾಲಿಗೆ ಹೋದಾಕಿ. ನನ್ನ ಗಂಡ ಫಕೀರಸಾಬ ಪರಸಿ ಖಣಿಯೊಳಗ ಕಲ್ಲು ಸೀಳತಿದ್ದ. ಆ ಧೂಳು ಎದಿಗೆ ಕುಂತು ಅವ ತೀರಿಹೋಗಿ ಆಗ ಭಾಳ ದಿವಸ ಆಗಿರಲಿಲ್ಲ. ಯಾರರೆ ಹೋಗಬ್ಯಾಡ ಅಂದ ಮನಿಗೆ ನಾನು ಮೊದಲ ಹೋಗಾಕಿ. ಹೋದೆ.

ಅಂಬಾರಾಯನ ಮನಿ ಅಂದರ ಗ್ವಾಡಿನೂ ಪರಸಿ, ಮಾಳಿಗಿನೂ ಪರಸಿ, ಮಾಳಿಗಿ ನಡುವ ಒಂದು ಬೆಳಕಿಂಡಿ. ಒಳಗ ಮೂಲಿಯೊಳಗ ಇಪ್ಪತ್ತು ದಾಟದ ಒಬ್ಬ ಹುಡುಗಿ ಕೂಸಿನ ಮುಖಕ್ಕ ಅರಿವಿ ಮುಚ್ಚಿಕೊಂಡು ಕುಂತಿದ್ದಳು. ಅತ್ತಿ ಭೀಮಬಾಯಿ ಬಾಗಲದಾಗ ಜ್ವಾಳ ಹಸನ ಮಾಡಲಿಕತ್ತಿದ್ದಳು.

"ಬಾಣಂತಿಗಿ ಬಳಿ ಇಡಲೇನು?" ಅಂದೆ.

"ಅಕಿಗ್ಯಾಕ ಬಳಿ? ಮಾಡಿದ್ದು ಕಾಣಸಲಿಕತ್ತದಲ್ಲ ಮುಂದೇ, ಅದನ್ನೇ ತೊಟ್ಟುಕೋಲಿ," ಅಂದಳು ಭೀಮಬಾಯಿ, ಮೊರದಿಂದ ಕಣ್ಣು ತೆಗೀದೇ.

ನನಗ ಸಿಟ್ಟು ಬಂತು. ಮಲಾರ ಇಳಿಸಿ ಹುಡುಗಿ ಮುಂದ ಕುಂತೆ. ಅರಿವಿ ಸರಿಸಿ ಕೂಸು ನೋಡಿದೆ. ಹೆಣ್ಣು ಕೂಸು, ತಲಿ ತುಂಬ ಕೂದಲು. ಬೆಳಕು ಬಿದ್ದ ಕೂಡಲೇ ಕಣ್ಣು ಗಟ್ಟಿ ಮುಚ್ಚಿ ಚಿಟ್ಟನೆ ಚೀರಿತು. ನಾನು ಬಾಗಲಿಗೆ ಬೆನ್ನು ಮಾಡಿ ನೆರಳು ಮಾಡಿದಾಗ ನಿಧಾನ ತೆರೀತು. ಎಲ್ಲಾರ ಕಣ್ಣಿನೊಳಗ ಕರಿ ಚುಕ್ಕಿ ಸುತ್ತ ಒಂದು ಕಂದು ಉಂಗುರ ಇರತದಲ್ಲ, ಅದು ಅಲ್ಲಿರಲಿಲ್ಲ. ಚುಕ್ಕೀನೇ ದೊಡ್ಡದಾಗಿ ಅಂಚಿನ ತನಕ ಹರಡಿತ್ತು.

"ನೀ ಗ್ರಹಣ ನೋಡಿದಿ ಏನವಾ?" ಅಂತ ಕೇಳಿದೆ.

ಆ ಹುಡುಗಿ ಅತ್ತಿ ಕಡೆ ನೋಡಿದಳು. ಆಮ್ಯಾಲ ಸಣ್ಣ ದನಿಯೊಳಗ ಹೇಳಿದಳು. ಗ್ರಹಣದ ದಿನ ಮುಂಜಾನಿಂದ ಅಕಿನ್ನ ನೆಲಕ್ಕ ನೆಟ್ಟಗ ಮಲಗಿಸಿದ್ದರು. ನೀರಿಲ್ಲ, ಕೂಳಿಲ್ಲ, ಮಗ್ಗಲಾ ಹೊಳ್ಳಂಗಿಲ್ಲ. ಬಾಗಲಾ ಹಾಕಿ ಹೊಸ್ತಿಲ ಮ್ಯಾಲ ಭೀಮಬಾಯಿನೇ ಕಾವಲು ಕುಂತಿದ್ದಳು. ಮಧ್ಯಾಹ್ನ ಹೊಳ್ಳಿದ ಮ್ಯಾಲ ಬೆಳಕಿಂಡಿಯಿಂದ ನೆಲಕ್ಕ ಬಿದ್ದ ಬಿಸಿಲು ದಿನಾ ದುಂಡಗಿರೋದು ಅವತ್ತು ಕುಡಗೋಲಿನಂಗ ಸೊಟ್ಟ ಆತು. ಅಕಿ ಅದನ್ನ ಮಲಕೊಂಡಲ್ಲೇ ನೋಡಿದಳು. ಭಾಳ ಚಂದ ಕಾಣಿಸಿತು. ಗ್ರಹಣ ಬಿಟ್ಟ ಮ್ಯಾಲ ಅಕಿನೇ ಖುಷಿಲಿಂದ ಎಲ್ಲಾರಿಗೂ ಹೇಳಿದಳು, ನಮ್ಮ ಮನ್ಯಾಗ ಬಿಸಿಲಿನ ಕುಡಗೋಲು ಬಿದ್ದಿತ್ತು ಅಂತ. ಅದೇ ಅಕಿ ಮಾಡಿದ ತಪ್ಪು.

"ನೋಡಿದಿ? ತಾನೇ ಒಪ್ಪಕೊಂಡಾಳ!" ಅಂದಳು ಭೀಮಬಾಯಿ.

"ಕಾವಲು ನೀನೇ ಕುಂತಿದ್ದಿ. ಬೆಳಕಿಂಡಿ ಮುಚ್ಚೋದು ನಿನಗ್ಯಾಕ ನೆನಪಾಗಲಿಲ್ಲ?"

"ಬಳಿ ಮಾರಲಾಕ ಬಂದಿಯೋ, ವಾದ ಮಾಡಲಾಕ ಬಂದಿಯೋ?"

ನಾನು ಆ ಹುಡುಗಿ ಕೈ ಹಿಡದು ಹಸರು ಬಳಿ ಇಟ್ಟೇ ಎದ್ದೆ. ದ್ರೌಪದಿ ಕೂಸಿಗೆ ತೌರೂರ ದೇವಿ, ಸನ್ನತಿ ಚಂದ್ರಲಾ ಪರಮೇಶ್ವರಿನ್ನ ನೆನಸಿ ಚಂದಮ್ಮ ಅಂತ ಹೆಸರಿಟ್ಟಿದ್ದಳು, ತಾನೇ ಕಿವ್ಯಾಗ ಹೇಳಿ. ಆ ಮನಿಯೊಳಗ ತೊಟ್ಟಿಲಿಗೆ ಹಾಕಾವರು ಯಾರೂ ಇರಲಿಲ್ಲ.

ಆಮ್ಯಾಲ ರಾವೂರಕ್ಕ ಹೋದಾಗೆಲ್ಲಾ ಅಲ್ಲಿ ಹೋಗತಿದ್ದೆ. ಹೋದಷ್ಟೂ ಒಂದು ಮಾತು ನನ್ನ ತಲಿಯೊಳಗ ಕೊರಿಲಾಕ ಹತ್ತಿತು. ದ್ರೌಪದಿ ಮಾವ ಅಂಬಾರಾಯ ಮುದುಕ ಆಗಲೇ ಕಣ್ಣು ಕಳಕೊಂಡಿದ್ದ. "ಹರೇದಾಗ ಖಣಿಯೊಳಗ ಚಕ್ಕಿ ಹೊಡೀತು," ಅಂತಿದ್ದ. ಕಲ್ಲು ಸೀಳುವಾಗ ಸಿಡದು ಬರೋ ಚೂರಿಗೆ ನಮ್ಮ ಕಡೆ ಚಕ್ಕಿ ಅಂತಾರ. ಖಣಿಯವರಿಗೆ ಚಕ್ಕಿ ಹೊಡಿಯೋದು ಹೊಸದಲ್ಲ. ನನ್ನ ಗಂಡನ ಹಣಿ ಮ್ಯಾಲೂ ಗುರುತಿತ್ತು. ದ್ರೌಪದಿ ಗಂಡ ಭಗವಂತ ಹಗಲೊತ್ತು ರುಮಾಲ ಹುಬ್ಬಿನ ತನಕ ಇಳಿಸಿ ಕಟ್ಟತಿದ್ದ. ಕೇಳಿದರ ಅವನಿಗೂ ಚಕ್ಕಿ. ಅವನ ಅಣ್ಣ ಸಾಯಬಣ್ಣ ಸೈಕಲ್ ಅಂಗಡಿಯವ, ಖಣಿಯೊಳಗ ಕಾಲೇ ಇಟ್ಟವನಲ್ಲ. ಅವನೂ ಬಿಸಲಾಗ ಕಣ್ಣು ಕಿವುಚಿಕೊಂಡೇ ಪಂಚರ್ ತೆಗೀತಿದ್ದ.

"ನಿನಗೇನಾತಪಾ?" ಅಂದೆ ಒಮ್ಮಿ.

"ಸಣ್ಣಾಂವಿದ್ದಾಗ ತೊಟ್ಟಲದಾಗ ಮಲಗಿದ್ದೆನಂತ. ಖಣಿಯಿಂದ ಚಕ್ಕಿ ಹಾರಿ ಬಂತಂತ."

ಇಂಥಾ ಮಾತು ಕಲ್ಲಿನ ಊರಾಗ ಮಾತ್ರ ನಡೀತದ. ಬ್ಯಾರೆ ಊರಾಗಾದರ ಜನ ನಗತಿದ್ದರು. ನಮ್ಮಲ್ಲಿ ಕಣ್ಣು ಹೋದರ ಕಲ್ಲಿನ ಮ್ಯಾಲ ಹಾಕಿಬಿಡತಾರ, ಕಲ್ಲು ಅಲ್ಲಂತ ಹೇಳಂಗಿಲ್ಲ. ಗಂಡಸರ ಕಣ್ಣಿಗೆ ಚಕ್ಕಿ, ದುಡದು ತಂದುಕೊಂಡ ಗಾಯ, ಮರ್ಯಾದಿ. ಹೆಣ್ಣಿನ ಹೊಟ್ಟಿಲೆ ಅದೇ ಕಣ್ಣು ಬಂದರ ಅಕಿ ಪಾಪ. ಈ ಮುಪ್ಪಿನ್ಯಾಗ ನಾ ಇದನ್ನ ಬರಿಲಾಕ ಕುಂತದ್ದೂ ಅದಕ್ಕೇ.

ಆ ಚಳಿಗಾಲಕ್ಕ ಚಿತ್ತಾಪುರ ಸಾಲಿಯೊಳಗ ಕಣ್ಣಿನ ಶಿಬಿರ ಹಾಕಿದರು. ಅಷ್ಟೊತ್ತಿಗೆ ಭೀಮಬಾಯಿ ಊರ ತುಂಬ ಹೇಳಿಕೋತ ತಿರಗತಿದ್ದಳು: ಮಗನಿಗೆ ಇನ್ನೊಂದು ಲಗ್ನ ಮಾಡತೀನಿ, ಈ ಹೊಟ್ಟಿಲೆ ಹುಟ್ಟೋದೆಲ್ಲಾ ಹಿಂಗೇ ಹುಟ್ಟತಾವ. ದ್ರೌಪದಿಗೆ ಒಂದೇ ಒಂದು ಬೇಕಾಗಿತ್ತು. ತಾನು ಮಾಡಿದ್ದಲ್ಲ ಅಂತ ನಾಕು ಮಂದಿ ಮುಂದ ಯಾರರೆ ಹೇಳಬೇಕು. ಅದು ಆಗದಿದ್ದರ ಅಕಿ ಆ ಮನಿಯೊಳಗ ಉಳಿಯಂಗಿರಲಿಲ್ಲ.

"ಶಿಬಿರಕ್ಕ ನಡಿ, ಗಂಡನ್ನೂ ಕರಕೋ," ಅಂದೆ.

"ಅವರು ಬರಂಗಿಲ್ಲ ಅಕ್ಕ."

ನಾನೇ ಭಗವಂತನ ಹತ್ತಿರ ಹೋಗಿ ಅಂದೆ, "ಅಲ್ಲಿ ಕರಿ ಚಸ್ಮಾ ಪುಕ್ಕಟೆ ಕೊಡಲಿಕತ್ತಾರಂತಪ್ಪ. ಸಿನೆಮಾದವರು ಹಾಕ್ಕೋತಾರಲ್ಲ, ಅಂಥಾದು." ಬಂದ. ಎಲ್ಲಾರಕಿಂತ ಮುಂದ ಬಸ್ ಹತ್ತಿದ.

ಶಿಬಿರದಾಗಿನ ಡಾಕ್ಟರಬಾಯಿ ಧಾರವಾಡ ಕಡೆಯಾಕಿ, ಭಾಳ ಸಣ್ಣ ವಯಸ್ಸು. ಚಂದಮ್ಮನ ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ಆಮ್ಯಾಲ ದ್ರೌಪದಿ ಕಣ್ಣು ನೋಡಿದಳು, ಚೊಕ್ಕ ಇತ್ತು. "ಕೂಸಿನ ತಂದಿ ಬಂದಾರೇನು?" ಅಂದಳು. ಭಗವಂತನ ರುಮಾಲ ತೆಗಿಸಿದಳು. ಭಾಳೊತ್ತು ನೋಡಿದಳು, ಒಂದು ಕಣ್ಣು, ಆಮ್ಯಾಲ ಇನ್ನೊಂದು.

"ಕಣ್ಣಿಗೇನಾಗಿತ್ತು ನಿಮಗ?"

"ಚಕ್ಕಿ ಹೊಡದದರಿ ಬಾಯಿ."

"ಎರಡೂ ಕಣ್ಣಿಗೆ?"

"ಹೂಂನ್ರಿ."

"ಎರಡೂ ಕಣ್ಣಿಗೆ ಒಂದೇ ಜಾಗಾದಾಗ, ಒಂದೇ ಅಳತಿ? ಚಕ್ಕಿ ಹೊಡದರ ಮ್ಯಾಲ ಬಿಳಿ ಕಲೆ ಉಳೀತದ. ಇಲ್ಲಿ ಕಲೆ ಇಲ್ಲ. ಬಣ್ಣದ ಉಂಗುರ ಕೆಳಗಿನ ಕಡೆ ಪೂರಾ ಬೆಳೆದೇ ಇಲ್ಲ. ಇದು ನಿಮ್ಮ ಜೋಡಿ ಹುಟ್ಟಿ ಬಂದದ್ದು. ಮಗಳಿಗೂ ಅದೇ ಬಂದದ, ಸ್ವಲ್ಪ ಜಾಸ್ತಿ ಬಂದದ."

ಭಗವಂತ ರುಮಾಲ ಹೊಳ್ಳಿ ಕಟ್ಟಿಕೊಳ್ಳಲಾಕ ಹತ್ತಿದ. ದ್ರೌಪದಿ ಮಾತ್ರ ಒಂದು ಹೆಜ್ಜಿ ಮುಂದ ಬಂದಳು. ಅಷ್ಟು ದಿವಸದಾಗ ಅಕಿ ದನಿ ಎತ್ತಿ ಮಾತಾಡಿದ್ದು ಅವತ್ತೇ ಕೇಳಿದೆ. "ಗ್ರಹಣಕ್ಕಲ್ಲೇನ್ರಿ ಬಾಯಿ? ನಾ ಬಿಸಿಲಿನ ಕುಡಗೋಲ ನೋಡೀನಿ."

ಡಾಕ್ಟರಬಾಯಿ ನಗಲಿಲ್ಲ. ಅದಕ್ಕೇ ಅಕಿ ಮ್ಯಾಲ ನನಗ ಮರ್ಯಾದಿ ಹುಟ್ಟಿತು. "ಮನ್ಯಾಗ ಕೋಳಿ ಸಾಕೀರೇನು?" ಅಂತ ನಮ್ಮಿಬ್ಬರಿಗೂ ಕೇಳಿದಳು.

"ನಮ್ಮ ಮನ್ಯಾಗ ಅವರಿ," ಅಂದೆ.

"ಕಾವಿಗೆ ಕುಂತ ಕೋಳಿ ಕೆಳಗಿನ ತತ್ತಿ ಒಡದದ್ದು ನೋಡಿರಬೇಕಲ್ಲ?"

ನೋಡೀನಿ. ಕಾವಿಗಿಟ್ಟು ನಾಕೈದು ದಿನ ಆದ ತತ್ತಿ ಕೈ ಜಾರಿ ಒಡದರ ಒಳಗ ರೆಕ್ಕಿ ಇರಂಗಿಲ್ಲ, ಕಾಲಿರಂಗಿಲ್ಲ. ಕೆಂಪು ನರಗಳ ನಡುವ ಒಂದು ದೊಡ್ಡ ಕರಿ ಚುಕ್ಕಿ ಮಾತ್ರ ಎದ್ದು ಕಾಣತಿರತದ.

"ಅದೇ ಕಣ್ಣು," ಅಂದಳು. "ಕೋಳಿಗೂ ಹಂಗೇ, ಮನಷ್ಯಾರಿಗೂ ಹಂಗೇ. ತಾಯಿಗೆ ತಾನು ಬಸರು ಅಂತ ತಿಳಿಯೋ ಹೊತ್ತಿಗೇ ಕೂಸಿನ ಕಣ್ಣಿನ ಕೆಲಸ ಸುರು ಆಗಿರತದ. ಮೊದಲ ತಲಿಯೊಳಗಿಂದ ಎರಡು ಗುಳ್ಳಿ ಉಬ್ಬಿ ಹೊರಗ ಬರತಾವ. ಗುಳ್ಳಿ ಬಂದು ತೊಗಲಿಗೆ ಮುಟ್ಟತದ. ಮುಟ್ಟಿದ ಕೂಡಲೇ ತಾನು ಒಳಗ ತಗ್ಗಾಗಿ ಬಟ್ಟಲಾಗತದ. ಮುಟ್ಟಿಸಿಕೊಂಡ ತೊಗಲು ದಪ್ಪಾಗಿ ಕಣ್ಣಿನ ಮಣಿ ಆಗತದ. ಬಟ್ಟಲದ ಅಂಚು ಮುಂದ ಬೆಳದು ಬಣ್ಣದ ಉಂಗುರ ಆಗತದ."

"ಯಾವಾಗ ಏನಾಗಬೇಕು ಅಂತ ಅದಕ್ಕ ಯಾರು ಹೇಳತಾರರಿ?" ಅಂತ ಕೇಳಿದೆ.

"ಜೀನು ಅಂತ ಇರತಾವ. ಕಣ್ಣಿಗೆ ಕಾಣಂಗಿಲ್ಲ. ತಂದಿ ಕಡೆಯಿಂದ ಒಂದು ಪಾಲು, ತಾಯಿ ಕಡೆಯಿಂದ ಒಂದು ಪಾಲು ಬರತಾವ. ನಿಮ್ಮ ಖಣಿಯೊಳಗ ಆಳು ನಡಸೋ ಮುಕ್ಕಾದಮ್ ಇರತಾನಲ್ಲ, ಅವ ಕೂಗಿದರ ಒಂದು ಗುಂಪು ಏಳತದ, ಆ ಗುಂಪು ಕೆಲಸ ಹಿಡಿದರ ಇನ್ನೊಂದು ಗುಂಪು ಏಳತದ. ಹಂಗೇ ಒಂದು ಜೀನು ಹುಕುಂ ಕೊಟ್ಟರ ಮತ್ತೊಂದು ಏಳತದ. ಕಣ್ಣಿನ ಕೆಲಸಕ್ಕ ಅಪ್ಪಂದೊಬ್ಬ, ಅವ್ವಂದೊಬ್ಬ, ಹಿಂಗ ಇಬ್ಬರು ಮುಕ್ಕಾದಮರು ಕೂಗಬೇಕು. ಈ ಕೂಸಿಗೆ ಅಪ್ಪನ ಕಡೆಯಿಂದ ಬಂದ ಮುಕ್ಕಾದಮ್ ಮೂಕ. ಒಬ್ಬನದೇ ದನಿ ಉಂಗುರ ಕಟ್ಟಾವರ ತನಕ ಸಾಕಷ್ಟು ಮುಟ್ಟಲಿಲ್ಲ."

"ಹಂಗಾರ ಗ್ರಹಣ?"

"ಆ ಮೂಕ ನಿನ್ನ ಹೊಟ್ಟಿಯೊಳಗ ಮೊದಲನೇ ದಿನವೇ ಬಂದಿದ್ದ. ಗ್ರಹಣ ಆಗೋ ಹೊತ್ತಿಗೆ ಕಣ್ಣಿನ ಬಟ್ಟಲು ಆಗಿ ಹೋಗಿತ್ತು. ನೀ ಕುಡಗೋಲರೆ ನೋಡು, ಕೊಡಲಿಯರೆ ನೋಡು, ಒಳಗ ಏನೂ ಬದಲಾಗತಿದ್ದಿಲ್ಲ. ಇದು ನೀ ಮಾಡಿದ್ದಲ್ಲ. ನಿನ್ನ ಗಂಡ ಮಾಡಿದ್ದೂ ಅಲ್ಲ, ಅವರಪ್ಪ ಮಾಡಿದ್ದೂ ಅಲ್ಲ. ಆದರ ಬಂದದ್ದು ಆ ಕಡೆಯಿಂದ. ಮುಂದ ಹುಟ್ಟೋ ಕೂಸಿಗೆ ಬಂದರೂ ಬರತದ, ಬಿಟ್ಟರೂ ಬಿಡತದ, ಅರ್ಧಕ್ಕರ್ಧ."

ದ್ರೌಪದಿ ಅಲ್ಲೇ ಬೆಂಚಿನ ಮ್ಯಾಲ ಕುಂತುಬಿಟ್ಟಳು. ಅಳತಾಳಂತ ಮಾಡಿದ್ದೆ. ಇಲ್ಲ. "ನಾ ಮಾಡಿದ್ದಲ್ಲ," ಅಂತ ಚಂದಮ್ಮನ ಕಿವ್ಯಾಗ ಹೇಳಿದಳು, ಹೆಸರಿಟ್ಟಂಗೇ.

ಮೊನ್ನೆ ನನ್ನ ತಂಗಿ ಮೊಮ್ಮಗಳು, ನರ್ಸಿಂಗ್ ಕಲಿತಾಕಿ, ಇದನ್ನ ಕೇಳಿ ಇನ್ನೊಂದು ಹೇಳಿದಳು. ಆ ಮುಕ್ಕಾದಮ್ ಯಾವ ಜೀನು ಅಂತ ಆಮ್ಯಾಲ ಹುಡುಕ್ಯಾರಂತ. ಮೀನಿಗೂ, ಕಪ್ಪಿಗೂ, ಕೋಳಿಗೂ, ಇಲಿಗೂ, ನಮಗೂ ಕಣ್ಣು ಕಟ್ಟಲಾಕ ಕೂಗೋದು ಅದೇ ಅಂತ. ಮೂಕ ಮುಕ್ಕಾದಮ್ ಬಂದ ಇಲಿಗೂ ಕಣ್ಣು ಸಣ್ಣ ಆಗತಾವಂತ. ಇಲಿ ಯಾವ ಗ್ರಹಣ ನೋಡಿತ್ತು? ಇಲಿಗೆ ಯಾವ ಅತ್ತಿ ಬಾಗಲಾ ಹಾಕಿದ್ದಳು?

ಖರೇ ಮಾತು ಚಿತ್ತಾಪುರದಾಗ ಹೇಳಿದರು, ಅದು ರಾವೂರಕ್ಕ ಬರಲಿಲ್ಲ. ಬಸ್ಸಿನೊಳಗೇ ಭಗವಂತ ನಮ್ಮ ಬಾಯಿ ಕಟ್ಟಲಾಕ ನೋಡಿದ.

"ಇದನ್ನ ಊರಾಗ ಆಡಬ್ಯಾಡ್ರಿ. ತಂಗಿದು ಲಗ್ನ ಆಗಬೇಕು. ವಂಶದಾಗೇ ಅದ ಅಂದ್ರ ಅಕಿನ್ನ ಯಾರು ಒಯ್ತಾರ?"

"ನಿನ್ನ ತಂಗಿ ಲಗ್ನಕ್ಕ ನಿನ್ನ ಹೆಂಡ್ತಿ ಮ್ಯಾಲ ಮಣ್ಣು ಹಾಕತಿ ಏನು?" ಅಂದೆ.

"ಸ್ವಲ್ಪ ದಿವಸ ಅಷ್ಟೇ." ಪುಕ್ಕಟೆ ಬಂದ ಕರಿ ಚಸ್ಮಾ ಹಾಕಿಕೊಂಡು ಕಿಡಕಿ ಹೊರಗ ನೋಡಿಕೋತ ಕುಂತ. ತಂಗಿ ಮ್ಯಾಲ ಅವನಿಗೆ ಜೀವ ಇತ್ತು, ಸುಳ್ಳಲ್ಲ. ಹೆಂಡತಿಗೂ ಒಂದು ಜೀವ ಇರತದ ಅನ್ನೋದು ಮಾತ್ರ ಆ ಚಸ್ಮಾದಾಗ ಕಾಣಲಿಲ್ಲ.

ಸಂಕ್ರಾಂತಿ ಕಳದ ಮ್ಯಾಲ ಭೀಮಬಾಯಿ ಚಾವಡಿಯೊಳಗ ಹಿರೇರನ್ನ ಕೂಡಿಸಿದಳು. ಸನ್ನತಿಯಿಂದ ದ್ರೌಪದಿ ಅಣ್ಣ ಬಂದಿದ್ದ. ದ್ರೌಪದಿ ಕೂಸು ಎತ್ತಿಕೊಂಡು ಕಂಬದ ಹಿಂದ ನಿಂತಿದ್ದಳು, ನಾನು ಅಕಿ ಬಾಜೂ. ಹಿರೇ ಮನಷ್ಯಾ ದೇವೀಂದ್ರಪ್ಪ ಎಲ್ಲಾ ಕೇಳಿದ. ಸೊಸಿ ಮಾತೂ ಕೇಳಿದ, ಅಷ್ಟರ ಮಟ್ಟಿಗೆ ಒಳ್ಳೇವ. ದ್ರೌಪದಿ ತತ್ತಿದೂ ಹೇಳಿದಳು, ಮುಕ್ಕಾದಮಂದೂ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಕುಂತವರಾಗ ಯಾವನೋ ನಕ್ಕ, "ಕೋಳಿ ಪಂಚಾಯಿತಿ ಮಾಡಲಿಕತ್ತಾಳಪ್ಪೋ!" ಅಂದ.

ದೇವೀಂದ್ರಪ್ಪ ಕೈ ಎತ್ತಿ ಸುಮ್ಮನಾಗಿಸಿ ಭಗವಂತನ ಕಡೆ ಹೊಳ್ಳಿದ. "ನೀನೂ ಅಲ್ಲೇ ಇದ್ದೆಲ್ಲೋ ತಮ್ಮಾ. ಡಾಕ್ಟರಬಾಯಿ ಖರೇನೇ ಹಂಗಂದಳೇನು? ನಿನ್ನ ಬಾಯಿಲೆ ಹೇಳಿಬಿಡು."

ದ್ರೌಪದಿ ಉಸುರು ಹಿಡಕೊಂಡಳು. ಅಕಿ ಭುಜ ನನ್ನ ಭುಜಕ್ಕ ತಾಗಿತ್ತು, ನನಗ ಗೊತ್ತಾತು. ಒಂದು "ಹೌದು" ಅಂದಿದ್ದರ ಸಾಕಿತ್ತು.

ಭಗವಂತ ರುಮಾಲ ಇನ್ನಷ್ಟು ಕೆಳಗ ಜಗ್ಗಿಕೊಂಡ. "ನನಗ ಚಕ್ಕಿ ಹೊಡದದ್ದು ಊರಿಗೇ ಗೊತ್ತದರಿ."

ನಾನು ತಡಕೊಳ್ಳಲಿಲ್ಲ. "ನಿಮ್ಮಪ್ಪಗೂ ಹೊಡದದ, ನಿನಗೂ ಹೊಡದದ, ತೊಟ್ಟಲದಾಗಿನ ಸಾಯಬಣ್ಣಗೂ ಹುಡುಕಿಕೊಂಡು ಬಂದು ಹೊಡದದ! ನಿಮ್ಮ ಮನಿ ವಿಳಾಸ ಆ ಕಲ್ಲಿಗಿ ಯಾರೋ ಕೊಟ್ಟಾರ? ನನ್ನ ಗಂಡ ಜನ್ಮ ಪೂರಾ ಖಣಿಯೊಳಗ ಸತ್ತಾನ, ಅವನ ಕಣ್ಣಿನ ಉಂಗುರಕ್ಕ ಯಾವ ಚಕ್ಕಿನೂ ಏನೂ ಮಾಡಲಿಲ್ಲ. ಆ ರುಮಾಲ ಬಿಚ್ಚೋ, ಹಿರೇರು ನೋಡಲಿ. ಕೂಸಿನ ಕಣ್ಣೂ ನೋಡಲಿ, ನಿನ್ನದೂ ನೋಡಲಿ!"

"ಏ ಮಾಶಾಬಿ, ಬಳಿ ಮಾರಾಕಿ ಬಳಿ ಮಾರಬೇಕು. ಇದು ಮನಿ ಮಾತು," ಅಂದ ದೇವೀಂದ್ರಪ್ಪ.

"ಮನಿ ಮಾತಾಗಿದ್ದರ ಚಾವಡಿಗಿ ಯಾಕ ತಂದೀರಿ?"

ಯಾರೂ ರುಮಾಲ ಬಿಚ್ಚಸಲಿಲ್ಲ. ಅಷ್ಟೂ ಮಂದಿ ಗಂಡಸರು, ಒಬ್ಬನಿಗೂ ಎದ್ದು ಅವನ ಕಣ್ಣು ನೋಡೋಣ ಅನ್ನಿಸಲಿಲ್ಲ. ಸೊಸಿ ಸ್ವಲ್ಪ ದಿವಸ ತೌರಮನಿಯೊಳಗ ಇರಲಿ ಅಂತ ತೀರ್ಮಾನ ಆತು. ಅದರ ಅರ್ಥ ಎಲ್ಲಾರಿಗೂ ಗೊತ್ತಿತ್ತು. ಅಣ್ಣನ ಹಿಂದ ದ್ರೌಪದಿ ಕೂಸಿನ ಮುಖಕ್ಕ ಸೆರಗು ಹಿಡದು ಬಿಸಲಾಗ ನಡದು ಹೋದಳು. ಭಗವಂತ ಚಾವಡಿ ಮೆಟ್ಟಲ ತನಕ ಬಂದು ನಿಂತ, ಅಷ್ಟೇ.

ತಂಗಿ ಲಗ್ನ ಆತು. ಅದಾದ ಮ್ಯಾಲ, ಏನೂ ಆಗೇ ಇಲ್ಲ ಅನ್ನೋಹಂಗ, ಶಿವಕಾಂತಮ್ಮ ಅನ್ನೋ ಹುಡುಗೀನ ಸೇಡಂ ಕಡೆಯಿಂದ ಭಗವಂತನಿಗೆ ತಂದರು. ನಾನು ಆ ಮನಿ ಹೊಸ್ತಿಲು ತುಳಿಯೋದಿಲ್ಲಂತ ಆಣಿ ಮಾಡಿದೆ. ಆ ಓಣಿಗೇ ಹೋಗೋದು ಬಿಟ್ಟೆ.

ದ್ರೌಪದಿ ಸನ್ನತಿಯೊಳಗ ಅಣ್ಣನ ಹೊಲ ಮಾಡಿದಳು. ಚಂದಮ್ಮನ್ನ ಸಂಜಿ ಹೊತ್ತು ಭೀಮಾ ಹೊಳಿ ದಂಡಿಗೆ ಕರಕೊಂಡು ಹೋಗಿ ಬಿಸಲು ಇಳದ ಮ್ಯಾಲ ಆಡಿಸತಿದ್ದಳು. ಹತ್ತಿರ ಹಿಡಿದರ ಆ ಕೂಸಿಗೆ ಅಕ್ಷರ ಕಾಣತಿತ್ತು, ದೂರದ್ದು ಕಾಣತಿದ್ದಿಲ್ಲ. ನೋಡಿದವರೆಲ್ಲಾ "ಗ್ರಹಣ ನೋಡಿದ್ದಿ ಏನವಾ?" ಅಂತ ಕೇಳಾವರೇ. ಪ್ರತಿ ಒಬ್ಬರಿಗೂ ಕುಂದರಿಸಿಕೊಂಡು ತತ್ತಿಯಿಂದ ಸುರು ಮಾಡಿ ಹೇಳತಿದ್ದಳಂತ. ಬ್ಯಾಸರಿಲ್ಲ. ಕೇಳಾವರು ಗೋಣು ಹಾಕಿ, ಎದ್ದು ಹೋಗಿ, ಮತ್ತೆ ಗ್ರಹಣ ಅಂತಲೇ ಅಂತಿದ್ದರು.

ಎಂಬತ್ತಾರರಾಗ ಗುಲ್ಬರ್ಗಾದೊಳಗ ಕಣ್ಣು ಕಾಣದ ಮಕ್ಕಳ ಹಾಸ್ಟೆಲಿಗೆ ಚಂದಮ್ಮನ್ನ ಸೇರಿಸಿಕೊಂಡರು, ತಾಯಿಗೂ ಅಲ್ಲೇ ರೊಟ್ಟಿ ಬಡಿಯೋ ಕೆಲಸ ಸಿಕ್ಕಿತು. ಚಂದಮ್ಮ ಈಗ ಒಂದು ಆಫೀಸಿನೊಳಗ ಟೆಲಿಫೋನ್ ನೋಡಕೋತಾಳ. ನನ್ನ ದನಿ ಕೇಳಿದ ಕೂಡಲೇ "ಬಳಿ ದೊಡ್ಡವ್ವ" ಅಂತಾಳ. ದ್ರೌಪದಿ ಉಳಿಲಿಲ್ಲ. ಹಾಸ್ಟೆಲ್ ಸೇರಿದ ಮರುವರ್ಷ ಕಾಮಾಲಿ ಆಗಿ ಹೋದಳು. ಅಕಿ ಮಣ್ಣಿಗೆ ಭಗವಂತ ಬಂದಿದ್ದನಂತ. ಬಂದು ಏನು ಮಾಡಿದ? ದೂರ ನಿಂತಿದ್ದನಂತ.

ನಾನು ಅಕಿನ್ನ ಕಡೀಕ ನೋಡಿದ್ದು ಹಾಸ್ಟೆಲಿಗೆ ಹೊಂಟ ದಿವಸ, ವಾಡಿ ಸ್ಟೇಷನ್ನಿನೊಳಗ. ಹಗಲು ಹನ್ನೆರಡರ ಬಿಸಿಲು. ಚಂದಮ್ಮಗ ಅಗಲ ಅಂಚಿನ ಟೊಪ್ಪಿಗಿ ಹಾಕಿ ಟ್ರಂಕಿನ ಮ್ಯಾಲ ಕುಂದರಿಸಿದ್ದಳು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಗಾಡಿ ತಡ ಇತ್ತು. ಅದು ಇದು ಮಾತಾಡಿದಿವಿ. ಆಮ್ಯಾಲ ಅಕಿ ಅಂದಳು, "ಶಿವಕಾಂತಮ್ಮಗ ದಿನಾ ತುಂಬಲಿಕತ್ತಾವಂತ. ಬರೋ ವಾರ ಕುಬಸ ಅದ, ಉಡಿ ತುಂಬತಾರ."

"ಇರಲಿ. ನನಗೇನು? ನಿನ್ನ ಜಾಗಾದಾಗ ಕುಂತಾಕಿ ಕುಬಸ ಕಟ್ಟಿಕೊಂಡು ನಾ ಏನು ಮಾಡಲಿ?"

"ಅಕಿ ಏನು ಮಾಡ್ಯಾಳ ಅಕ್ಕ? ಗಂಡಗ ಚಕ್ಕಿ ಹೊಡದದ ಅಂತಲೇ ಅಕಿಗೂ ಹೇಳಿ ಲಗ್ನ ಮಾಡ್ಯಾರ. ಅಕಿ ಕೂಸಿಗೂ ಬರಬಹುದು, ಅರ್ಧಕ್ಕರ್ಧ. ಬಂತಂದ್ರ ಅತ್ತಿ ಅಕಿದೂ ಏನರೆ ಹುಡುಕತಾಳ. ಗ್ರಹಣ ಇಲ್ಲಂದ್ರ ಸೂಜಿ ಹಿಡದಿದ್ದಿ ಅಂತಾಳ, ಉಳ್ಳಾಗಡ್ಡಿ ಹೆಚ್ಚಿದ್ದಿ ಅಂತಾಳ."

"ನಾ ಆ ಮನಿಗಿ ಹೋಗಂಗಿಲ್ಲಂತ ಆಣಿ ಮಾಡೀನಿ."

"ಗೊತ್ತದ. ಅದಕ್ಕೇ ಕೈ ಮುಗದು ಕೇಳಲಿಕತ್ತೀನಿ."

ಗಾಡಿ ಬರೋ ಗಂಟಿ ಹೊಡೀತು. ಅಕಿ ಚಂದಮ್ಮನ ಟೊಪ್ಪಿಗಿ ಸರಿ ಮಾಡಿ, ಟ್ರಂಕು ಎತ್ತಿಕೊಂಡು, ನನ್ನ ಕಡೆ ಹೊಳ್ಳಿದಳು.

"ಕುಬಸದ ಬಳಿ ನೀನೇ ಹೋಗಿ ಇಡು ಅಕ್ಕ. ಕೂಸು ಹುಟ್ಟೋಕಿಂತ ಮೊದಲೇ ಹೇಳು, ಹುಟ್ಟಿದ ಮ್ಯಾಲ ಹೇಳಿದ್ರ ಯಾರೂ ನಂಬಂಗಿಲ್ಲ. ಕೂಸಿನ ಕಣ್ಣು ಹೆಂಗರೆ ಇರಲಿ, ಅದು ನೀ ಮಾಡಿದ್ದಲ್ಲ ಅಂತ ಹೇಳು. ಅಕಿ ಕಿವ್ಯಾಗಲ್ಲ, ಭೀಮಬಾಯಿಗಿ ಕೇಳೋಹಂಗ ಜೋರಾಗಿ ಹೇಳು."